ಫೋಟೋ ಕಣ್ಣಿಗೆ ಕಾಣುತ್ತದೆ, ಫೈಲ್ ಎಲ್ಲಿದೆ?

ಚಿತ್ರದುರ್ಗದಿಂದ ದೊಡ್ಡಮ್ಮನ ಫೋನ್ ಬಂದಿತ್ತು. ದೊಡ್ಡಪ್ಪ ತೀರಿಕೊಂಡು ವರ್ಷ ಆಗುತ್ತಾ ಬಂತು. ವರ್ಷದ ಕಾರ್ಯದ ಹೊತ್ತಿಗೆ ಅವರ ಒಂದು ದೊಡ್ಡ ಫೋಟೋಗೆ ಕಟ್ಟು ಹಾಕಿಸಬೇಕು. "ಮಾರಿಕಣಿವೆ ಕೋಡಿ ಬಿದ್ದಾಗ ನೋಡೋಕೆ ಹೋಗಿದ್ವಲ್ಲಪ್ಪಾ, ಅಲ್ಲಿ ನೀನು ತೆಗೆದಿದ್ದೆ ನೋಡು, ನಗ್ತಾ ನಿಂತಿರೋದು. ಅದೇ ಬೇಕು" ಅಂದರು. ಆ ಫೋಟೋ ಅವರ ಮೊಬೈಲಿನಲ್ಲೇ ಇದೆ. ನಾನೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಅದನ್ನು ಫ್ರೇಮ್ ಅಂಗಡಿಗೆ ತೋರಿಸಿದರೆ, "ಅಮ್ಮಾ, ಇದು ವಾಟ್ಸ್ಆ್ಯಪ್ ಫೋಟೋ. ದೊಡ್ಡದು ಮಾಡಿದ್ರೆ ಮುಖ ಮಸುಕಾಗುತ್ತೆ. ಒರಿಜಿನಲ್ ತರಿಸಿ" ಅಂದರಂತೆ.

ಆ ದಿನ ನನಗೂ ಚೆನ್ನಾಗಿ ನೆನಪಿದೆ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ, ಅಂದರೆ ಈ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷ ಕಳೆದ ಮೇಲೆ. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಎಷ್ಟೋ ಜನ ಮೊದಲ ಸಲ ಆ ನೀರು ಹರಿಯುವುದನ್ನು ನೋಡಿದರು. ದಾವಣಗೆರೆಯಿಂದ ನಾನೂ ಹೋಗಿದ್ದೆ. ಅವತ್ತು ತೆಗೆದ ಫೋಟೋ ಇನ್ನೂರಕ್ಕಿಂತ ಜಾಸ್ತಿ. ಎಲ್ಲವೂ ನನ್ನ ಮ್ಯಾಕ್ ಲ್ಯಾಪ್‌ಟಾಪಿನ ಫೋಟೋಸ್ ಸಾಫ್ಟ್‌ವೇರಿನಲ್ಲಿ ಇವೆ.

ದೊಡ್ಡಪ್ಪನ ಫೋಟೋ ಎರಡು ನಿಮಿಷಕ್ಕೆ ಸಿಕ್ಕಿತು, ಕಳಿಸಿದೆ. ಸಂಜೆ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ಫೋನ್ ಮಾಡಿ ಕೇಳಿದಳು. "ನೀನು ಹೆಂಗೆ ಕಳಿಸ್ದೆ ಹೇಳು. ನನ್ನ ಕಂಪ್ಯೂಟರಲ್ಲೂ ಸಾವಿರಾರು ಫೋಟೋ ಅವೆ. ಸಾಫ್ಟ್‌ವೇರ್ ತೆಗೆದ್ರೆ ಎಲ್ಲಾ ಕಾಣುತ್ವೆ. ಮೇಲ್‌ಗೆ ಅಟ್ಯಾಚ್ ಮಾಡೋಕೆ ಹೋದ್ರೆ ಫೈಲೇ ಸಿಗಲ್ಲ." ಕೊನೆಗೆ ಅವಳು ಮೊಬೈಲ್ ಹಿಡಿದು ಕಂಪ್ಯೂಟರ್ ಸ್ಕ್ರೀನಿನದೇ ಫೋಟೋ ತೆಗೆದು ಕಳಿಸುತ್ತಿದ್ದಳಂತೆ. ಹೀಗೆ ಮಾಡುವವರು ಬಹಳ ಜನ ಇದ್ದಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಒಳ್ಳೆಯ ಫೋಟೋ ಮನೆಯಲ್ಲೇ ಇರುತ್ತದೆ, ಊರಿಗೆ ಹೋಗುವುದು ಮಾತ್ರ ಗೆರೆಗೆರೆ ಬಿದ್ದ, ಬಣ್ಣ ಕೆಟ್ಟ ಪ್ರತಿ. ಅಕ್ಕನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗೋದಾಮು ಬೇರೆ, ಖಾತೆ ಪುಸ್ತಕ ಬೇರೆ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕಾಲದಲ್ಲಿ ಒಂದು ದಲಾಲಿ ಅಂಗಡಿಗೆ ಹೋಗಿ ನೋಡಿ. ಮುಂದೆ ಗುಮಾಸ್ತರು ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ಯಾವ ರೈತರ ಮಾಲು, ಎಷ್ಟು ಚೀಲ, ಯಾವತ್ತು ಬಂತು, ಎಲ್ಲಿ ಇಳಿಸಿದೆ, ಎಲ್ಲ ಅದರಲ್ಲಿ ಇರುತ್ತದೆ. ಚೀಲ ಇರುವುದು ಹಿಂದೆ, ಗೋದಾಮಿನಲ್ಲಿ. ನೀವು ಕೇಳಿದ ಕೂಡಲೇ ಗುಮಾಸ್ತರು ಹಾಳೆ ತಿರುವಿ ಹೇಳುತ್ತಾರೆ. ಚೀಲ ಹೊತ್ತು ತರುವವರು ಹಮಾಲರು.

ಫೋಟೋ ಸಾಫ್ಟ್‌ವೇರ್ ಅನ್ನುವುದು ಆ ಗುಮಾಸ್ತರ ಪುಸ್ತಕ. ಫೋಟೋ ಇರುವ ಪೆಟ್ಟಿಗೆ ಅಂತ ನಾವು ಅದನ್ನು ಅಂದುಕೊಳ್ಳುತ್ತೇವೆ, ಎಲ್ಲ ಗೊಂದಲವೂ ಅಲ್ಲಿಂದಲೇ ಶುರು. ಸ್ಕ್ರೀನಿನಲ್ಲಿ ಸಾಲಾಗಿ ಕಾಣುವ ಚಿಕ್ಕ ಚಿಕ್ಕ ಚೌಕಗಳು ನಿಮ್ಮ ಫೋಟೋಗಳಲ್ಲ. ಬೇಗ ತೋರಿಸಲಿ ಅಂತ ಸಾಫ್ಟ್‌ವೇರ್ ಮಾಡಿಟ್ಟುಕೊಂಡ ಚಿಕ್ಕ ನಕಲುಗಳು. ಅವನ್ನು ಥಂಬ್‌ನೇಲ್ ಅನ್ನುತ್ತಾರೆ. ನಿಜವಾದ ಫೈಲ್ ಡಿಸ್ಕಿನಲ್ಲಿ ಇನ್ನೆಲ್ಲೋ ಇರುತ್ತದೆ. ಎಲ್ಲಿ ಇದೆ, ಯಾವ ದಿನದ್ದು, ಯಾರ ಮುಖ ಇದೆ, ನೀವು ಏನು ಹೆಸರು ಕೊಟ್ಟಿರಿ ಅನ್ನುವುದನ್ನೆಲ್ಲ ಸಾಫ್ಟ್‌ವೇರ್ ತನ್ನ ಪುಸ್ತಕದಲ್ಲಿ ಬರೆದುಕೊಂಡಿರುತ್ತದೆ. ಈ ಪುಸ್ತಕಕ್ಕೆ ಡೇಟಾಬೇಸ್ ಅನ್ನುತ್ತಾರೆ. ಆಪಲ್ ಫೋಟೋಸ್, ಅಡೋಬಿಯ ಲೈಟ್‌ರೂಮ್, ಉಚಿತವಾಗಿ ಸಿಗುವ ಡಿಜಿಕ್ಯಾಮ್, ಲಿನಕ್ಸ್‌ನ ಶಾಟ್‌ವೆಲ್, ಈ ನಾಲ್ಕೂ ಬೇರೆ ಬೇರೆ ಜನ ಮಾಡಿದ ಸಾಫ್ಟ್‌ವೇರ್‌ಗಳು. ಆದರೂ ನಾಲ್ಕೂ ಬರೆದಿಡುವುದು ಎಸ್‌ಕ್ಯೂಲೈಟ್ ಅನ್ನುವ ಒಂದೇ ನಮೂನೆಯ ಪುಸ್ತಕದಲ್ಲಿ.

ಇನ್ನೊಂದು ಮಾತು. ಹಮಾಲರು ಗುಮಾಸ್ತರಿಗೆ ಹೇಳದೆ ಚೀಲವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾಕಿದರು ಅಂದುಕೊಳ್ಳಿ. ಚೀಲ ಗೋದಾಮಿನಲ್ಲೇ ಇದೆ, ಹಾಳಾಗಿಲ್ಲ. ಆದರೆ ಪುಸ್ತಕ ಹೇಳಿದ ಜಾಗ ಖಾಲಿ. ಕೆಲವು ವರ್ಷದ ಹಿಂದೆ ನಾನು ಮಾಡಿದ್ದು ಅದನ್ನೇ. ಫೋಲ್ಡರುಗಳನ್ನು ಊರಿನ ಹೆಸರಿನ ಪ್ರಕಾರ ಚೆಂದಾಗಿ ಜೋಡಿಸೋಣ ಅಂತ ಸಾಫ್ಟ್‌ವೇರ್ ಮುಚ್ಚಿ, ಫೈಲ್‌ಗಳನ್ನು ಕೈಯಾರೆ ಎತ್ತಿ ಬೇರೆ ಕಡೆ ಹಾಕಿದೆ. ಮತ್ತೆ ತೆರೆದಾಗ ಅರ್ಧಕ್ಕರ್ಧ ಫೋಟೋಗಳ ಮೇಲೆ ಫೈಲ್ ಸಿಗುತ್ತಿಲ್ಲ ಅನ್ನುವ ಗುರುತು. ಒಂದು ತಿಂಗಳು ಕೂತು ಹಾಕಿದ್ದ ಹೆಸರುಗಳು ಹಳೆಯ ಜಾಗಕ್ಕೇ ಅಂಟಿಕೊಂಡಿದ್ದವು. ಜಾಗ ಬದಲಿಸಬೇಕು ಅಂದರೆ ಸಾಫ್ಟ್‌ವೇರಿನ ಒಳಗಿನಿಂದಲೇ ಬದಲಿಸಬೇಕು. ಆಗ ಪುಸ್ತಕದಲ್ಲೂ ಬದಲಾಗುತ್ತದೆ.

ನಿಮ್ಮದು ಯಾವ ಥರದ ಗೋದಾಮು?

ಕೆಲವು ಸಾಫ್ಟ್‌ವೇರ್‌ಗಳು ಫೋಟೋ ಎಲ್ಲಿದೆಯೋ ಅಲ್ಲೇ ಬಿಟ್ಟು ಪುಸ್ತಕ ಮಾತ್ರ ಬರೆಯುತ್ತವೆ. ವಿಂಡೋಸ್ ಜೊತೆ ಬರುವ ಫೋಟೋಸ್ ಹೀಗೆ. ಡಿಜಿಕ್ಯಾಮ್ ಹೀಗೆ. ನಮ್ಮಲ್ಲಿ ಬಹಳ ಮನೆಗಳಲ್ಲಿದ್ದ ಪಿಕಾಸಾ ಕೂಡ ಹೀಗೇ ಇತ್ತು. ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು, ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಅದು ಇನ್ನೂ ಕಾಣಿಸುತ್ತದೆ. ಇಂಥ ಕಡೆ ಫೈಲ್ ಹುಡುಕುವುದು ಸುಲಭ. ಫೋಟೋ ಮೇಲೆ ಬಲ ಕ್ಲಿಕ್ ಮಾಡಿದರೆ ಅದು ಇರುವ ಫೋಲ್ಡರ್ ತೆರೆಯುವ ಸಾಲು ಒಂದು ಇರುತ್ತದೆ. ಒತ್ತಿದರೆ ಸೀದಾ ಚೀಲದ ಮುಂದೆ ನಿಲ್ಲಿಸುತ್ತದೆ. ಆದರೆ ಒಂದು ಎಚ್ಚರ: ಇಲ್ಲಿ ಡಿಲೀಟ್ ಒತ್ತಿದರೆ ಹೋಗುವುದು ನಿಜವಾದ ಫೈಲೇ. ರೀಸೈಕಲ್ ಬಿನ್‌ನಲ್ಲಿ ಇರುವಷ್ಟು ದಿನ ವಾಪಸ್ ತರಬಹುದು, ಅಷ್ಟೇ.

ಆಪಲ್ ಫೋಟೋಸ್ ಇನ್ನೊಂದು ಥರ. 2015ರಲ್ಲಿ ಐಫೋಟೋದ ಜಾಗಕ್ಕೆ ಬಂದ ಸಾಫ್ಟ್‌ವೇರ್ ಇದು. ನೀವು ಬೇರೆ ಹೇಳದೇ ಇದ್ದರೆ, ಇದು ಪ್ರತಿ ಫೋಟೋವನ್ನೂ ತನ್ನ ಸ್ವಂತ ಗೋದಾಮಿನ ಒಳಗೆ ಎತ್ತಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಪಿಕ್ಚರ್ಸ್ ಫೋಲ್ಡರ್ ತೆರೆದರೆ ಸಾವಿರಾರು ಫೋಟೋ ಇರಬೇಕಾದ ಕಡೆ ಫೋಟೋಸ್ ಲೈಬ್ರರಿ ಅನ್ನುವ ಒಂದೇ ಒಂದು ಐಕಾನ್ ಇರುತ್ತದೆ. ಅಕ್ಕ ಅಟ್ಯಾಚ್ ಮಾಡುವಾಗ ನೋಡಿ ಗಾಬರಿಯಾದದ್ದು ಇದನ್ನೇ.

ಆ ಐಕಾನ್ ನೋಡಲು ಒಂದು ಫೈಲ್, ನಿಜಕ್ಕೂ ಅದು ಬಾಗಿಲು ಹಾಕಿದ ಒಂದು ದೊಡ್ಡ ಫೋಲ್ಡರ್. ಬಲ ಕ್ಲಿಕ್ ಮಾಡಿ ಶೋ ಪ್ಯಾಕೇಜ್ ಕಂಟೆಂಟ್ಸ್ ಅಂತ ಕೊಟ್ಟರೆ ಬಾಗಿಲು ತೆರೆಯುತ್ತದೆ. ಒಳಗೆ ಒರಿಜಿನಲ್ಸ್ ಅನ್ನುವ ಕೋಣೆ. ಅದರೊಳಗೆ 0ಯಿಂದ 9ರವರೆಗೆ ಹತ್ತು, ಎ ಯಿಂದ ಎಫ್‌ವರೆಗೆ ಆರು, ಒಟ್ಟು 16 ಫೋಲ್ಡರ್. ಪ್ರತಿಯೊಂದರಲ್ಲೂ ನಿಮ್ಮ ಫೋಟೋಗಳು. ಆದರೆ ಕ್ಯಾಮೆರಾ ಕೊಟ್ಟ ಹೆಸರು ಇಲ್ಲ, ನೀವು ಕೊಟ್ಟ ಹೆಸರೂ ಇಲ್ಲ. ಅಂಕಿ, ಅಕ್ಷರ, ಅಡ್ಡಗೆರೆ ಸೇರಿದ 36 ಗುರುತುಗಳ ಒಂದು ಉದ್ದನೆಯ ಸಾಲು ಇರುತ್ತದೆ. ಆ ಹೆಸರಿನ ಮೊದಲ ಗುರುತು ಏನಿದೆಯೋ ಆ ಫೋಲ್ಡರಿಗೆ ಆ ಫೋಟೋ. ಮಾರಿಕಣಿವೆಯ ನೀರೂ ತಂಗಿ ಮಗನ ನಾಮಕರಣವೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಬಿದ್ದಿರಬಹುದು. ಯಂತ್ರಕ್ಕೆ ಇದು ಬಹಳ ಅನುಕೂಲ. ಎರಡು ಫೋಟೋಗೆ ಒಂದೇ ಹೆಸರು ಬಿದ್ದು ಜಗಳ ಆಗುವುದಿಲ್ಲ. ನಮಗೆ ಮಾತ್ರ ಇಲ್ಲಿ ಕೆಲಸ ಇಲ್ಲ. ಒಮ್ಮೆ ನೋಡಿ, ಬಾಗಿಲು ಹಾಕಿ, ಹೊರಗೆ ಬನ್ನಿ. ಒಳಗಿನ ಯಾವುದನ್ನೂ ಎಳೆಯುವುದು, ಹೆಸರು ಬದಲಿಸುವುದು, ಅಳಿಸುವುದು ಮಾಡಬೇಡಿ. ಗೋದಾಮೂ ಪುಸ್ತಕವೂ ಎರಡೂ ಆ ಒಂದೇ ಬಾಗಿಲ ಹಿಂದೆ ಇವೆ.

ಮೂರನೆಯ ಥರದಲ್ಲಿ ಗೋದಾಮು ನಿಮ್ಮ ಮನೆಯಲ್ಲೇ ಇರುವುದಿಲ್ಲ. ಬ್ರೌಸರಿನಲ್ಲಿ ಗೂಗಲ್ ಫೋಟೋಸ್ ತೆರೆದು ನೋಡುವಾಗ ಫೈಲ್ ಇರುವುದು ಗೂಗಲ್ ಬಳಿ. ಮ್ಯಾಕ್‌ನಲ್ಲೂ ಐಕ್ಲೌಡ್, ಅಂದರೆ ಇಂಟರ್‌ನೆಟ್‌ನಲ್ಲಿರುವ ಆಪಲ್‌ನವರ ಗೋದಾಮು, ಹಾಕಿಕೊಂಡು ಜಾಗ ಉಳಿಸುವ ಆಯ್ಕೆ ಕೊಟ್ಟಿದ್ದರೆ, ಡಿಸ್ಕ್ ತುಂಬುತ್ತಾ ಬಂದ ಹಾಗೆ ಒರಿಜಿನಲ್ ಐಕ್ಲೌಡ್‌ನಲ್ಲಿ ಉಳಿದು ಇಲ್ಲಿ ಚಿಕ್ಕ ಪ್ರತಿ ಮಾತ್ರ ಇರುತ್ತದೆ. ಅಂಥ ಫೋಟೋ ಹೊರಗೆ ತೆಗೆಯುವಾಗ ಇಂಟರ್‌ನೆಟ್ ಬೇಕು. ಮೊದಲು ಅದು ಅಲ್ಲಿಂದ ಇಳಿಯಬೇಕಲ್ವಾ. ಗೂಗಲ್‌ನಲ್ಲಿ ಜಾಗ ಉಳಿಸುವ ಆಯ್ಕೆಯಲ್ಲಿ ಏರಿಸಿದ್ದರೆ ಫೋಟೋ ಒತ್ತಿ ಚಿಕ್ಕದಾಗಿರುತ್ತದೆ, ಡೌನ್‌ಲೋಡ್ ಮಾಡಿದರೂ ಆ ಒತ್ತಿದ್ದೇ ಬರುತ್ತದೆ.

ಹುಡುಕುವುದು

ನಮಗೆ ತಾರೀಕು ನೆನಪಿರುವುದಿಲ್ಲ. ದುಗ್ಗಮ್ಮನ ಜಾತ್ರೆಗೆ ಮುಂಚೆನಾ, ಆಮೇಲಾ? ನಾಯಕನಹಟ್ಟಿ ತೇರಿನ ದಿನವಾ? ಅಜ್ಜಿ ಇದ್ದಾಗಲೋ, ಹೋದ ಮೇಲೋ? ನಮ್ಮ ನೆನಪು ನಡೆಯುವುದು ಹೀಗೆ. ಯಂತ್ರಕ್ಕೆ ಗೊತ್ತಿರುವುದು ತಾರೀಕು ಮತ್ತು ಗಳಿಗೆ. ಆದ್ದರಿಂದ ಹುಡುಕುವುದು ಅಂದರೆ ನಮ್ಮ ನೆನಪನ್ನು ಅದಕ್ಕೆ ಗೊತ್ತಿರುವ ಲೆಕ್ಕಕ್ಕೆ ತಂದುಕೊಡುವುದು. ಮಾರಿಕಣಿವೆಯ ಫೋಟೋ ಬೇಗ ಸಿಕ್ಕಿದ್ದು ಇದಕ್ಕೇ. ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್ ಅಂತ ಇಡೀ ಜಿಲ್ಲೆಗೇ ಗೊತ್ತು. ತಿಂಗಳಿಗೆ ಹೋದೆ, ನಕಾಶೆಯಲ್ಲಿ ಹಿರಿಯೂರಿನ ಹತ್ತಿರದ ಚುಕ್ಕಿ ಒತ್ತಿದೆ, ಇನ್ನೂರು ಫೋಟೋ ಮುಂದೆ ಬಂದವು. ಅದರಲ್ಲಿ ದೊಡ್ಡಪ್ಪನ ಮುಖ ಇರುವುದು ಹನ್ನೊಂದು.

ಈ ತಾರೀಕು, ಈ ಜಾಗ ಎಲ್ಲಿಂದ ಬರುತ್ತದೆ? ಫೋಟೋ ತೆಗೆದ ಕ್ಷಣದಲ್ಲೇ ಕ್ಯಾಮೆರಾ ಫೈಲಿನ ಒಳಗೆ ಒಂದು ಚೀಟಿ ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಅನ್ನುತ್ತಾರೆ. ತೆಗೆದ ದಿನ, ಗಂಟೆ, ನಿಮಿಷ, ಕ್ಯಾಮೆರಾದ ಹೆಸರು, ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ನಿಂತ ಜಾಗದ ಅಕ್ಷಾಂಶ ರೇಖಾಂಶ, ಎಲ್ಲ ಆ ಚೀಟಿಯಲ್ಲಿ ಇರುತ್ತದೆ. ಫೋಟೋ ಸಾಫ್ಟ್‌ವೇರ್ ಮೊದಲು ಓದಿಕೊಳ್ಳುವುದೇ ಇದನ್ನು. ವಿಂಡೋಸ್‌ನಲ್ಲಿ ಜನ ಎಡವುವುದು ಇಲ್ಲಿ. ಫೋಲ್ಡರಿನಲ್ಲಿ ಡೇಟ್ ಕ್ರಿಯೇಟೆಡ್ ನೋಡುತ್ತಾರೆ. ಅದು ಫೈಲ್ ಆ ಫೋಲ್ಡರಿಗೆ ಬಂದು ಕೂತ ದಿನ. ಪೆನ್ ಡ್ರೈವ್‌ನಿಂದ ನಿನ್ನೆ ಕಾಪಿ ಮಾಡಿದರೆ ನಿನ್ನೆಯ ತಾರೀಕು. ನಿಮಗೆ ಬೇಕಿರುವುದು ಡೇಟ್ ಟೇಕನ್. ಅದು ಚೀಟಿಯಿಂದ ಬರುತ್ತದೆ. ಆ ಕಾಲಂ ಹಾಕಿಕೊಂಡು ಅದರ ಪ್ರಕಾರ ಜೋಡಿಸಿ ನೋಡಿ, ಕಲಸಿಹೋಗಿದ್ದ ಫೋಲ್ಡರ್ ತಾನೇ ಸಾಲಿಗೆ ಬರುತ್ತದೆ.

ಚೀಟಿ ಯಾವಾಗಲೂ ನಿಜ ಹೇಳುತ್ತದೆ ಅಂತಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಚೀಟಿಯೂ ತಪ್ಪು. ಹಳೆಯ ಆಲ್ಬಮ್ಮಿನ ಫೋಟೋ ಸ್ಕ್ಯಾನ್ ಮಾಡಿದರೆ ಸ್ಕ್ಯಾನ್ ಮಾಡಿದ ದಿನದ ತಾರೀಕು ಬೀಳುತ್ತದೆ. ನಮ್ಮ ಅಜ್ಜಿಯ ಮದುವೆ ಫೋಟೋ ಬಹಳ ದಿನ ಕಳೆದ ವರ್ಷದ ದೀಪಾವಳಿ ಫೋಟೋಗಳ ನಡುವೆ ಕೂತಿತ್ತು. ಆಪಲ್ ಫೋಟೋಸ್‌ನಲ್ಲಿ ಇಮೇಜ್ ಮೆನುವಿನಲ್ಲಿ ತಾರೀಕು ಸರಿಮಾಡುವ ಸಾಲು ಇದೆ, ಡಿಜಿಕ್ಯಾಮ್‌ನಲ್ಲೂ ಇದೆ. ಕ್ಯಾಮೆರಾ ಎರಡು ಗಂಟೆ ಹಿಂದಿದ್ದರೆ ಅವತ್ತಿನ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಹಿಡಿದು ಎರಡು ಗಂಟೆ ಮುಂದೆ ತಳ್ಳಬಹುದು.

ವಾಟ್ಸ್ಆ್ಯಪ್‌ನಿಂದ ಬಂದ ಫೋಟೋಗಳದ್ದೇ ದೊಡ್ಡ ತೊಡಕು. ಕಳಿಸುವಾಗ ವಾಟ್ಸ್ಆ್ಯಪ್ ಫೋಟೋವನ್ನು ಒತ್ತಿ ಚಿಕ್ಕದು ಮಾಡುತ್ತದೆ, ಒಳಗಿನ ಚೀಟಿಯನ್ನೂ ಕಿತ್ತುಹಾಕುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅಂಥ ಫೈಲಿನ ಹೆಸರು ಐಎಂಜಿ-20230118-ಡಬ್ಲ್ಯುಎ0012 ಅನ್ನುವ ಹಾಗೆ ಇರುತ್ತದೆ. ನಡುವಿನ ಎಂಟು ಅಂಕಿ ವರ್ಷ, ತಿಂಗಳು, ದಿನ. ಕೊನೆಯದು ಆ ದಿನದ ಎಷ್ಟನೆಯ ಫೋಟೋ ಅನ್ನುವ ಲೆಕ್ಕ. ಆದರೆ ಆ ದಿನ ಫೋಟೋ ನಿಮ್ಮ ಮೊಬೈಲಿಗೆ ಬಂದ ದಿನ. ತೆಗೆದ ದಿನ ಅಲ್ಲ. ಗುಂಪಿನಲ್ಲಿ ಯಾರೋ ಐದು ವರ್ಷದ ಹಿಂದಿನ ಕೋಟೆ ಪ್ರವಾಸದ ಫೋಟೋ ಇವತ್ತು ಹಾಕಿದರೆ ಅದಕ್ಕೆ ಇವತ್ತಿನ ತಾರೀಕು. ಹುಡುಕುವಾಗ ಇದು ಗೊತ್ತಿದ್ದರೆ ಅರ್ಧ ಹುಡುಕಾಟ ಉಳಿಯುತ್ತದೆ.

ಮುಖ ಗುರುತಿಸುವುದು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವ ಸೌಲಭ್ಯ. ಒಂದೆರಡು ಫೋಟೋಗೆ ಹೆಸರು ಕೊಟ್ಟರೆ ಅದೇ ಮುಖದ ಉಳಿದವನ್ನು ಸಾಫ್ಟ್‌ವೇರ್ ತಾನೇ ಒಟ್ಟು ಮಾಡುತ್ತದೆ. ರುಮಾಲು ಸುತ್ತಿದ ದೊಡ್ಡಪ್ಪ ಬೇರೆ, ಬರಿದಲೆಯ ದೊಡ್ಡಪ್ಪ ಬೇರೆ ಅಂತ ಎರಡು ಗುಂಪು ಮಾಡಿತ್ತು. ಎರಡನ್ನೂ ಸೇರಿಸಿ ಒಂದೇ ಹೆಸರು ಕೊಟ್ಟೆ, ಸರಿಹೋಯಿತು. ಹೆಸರನ್ನು ಕನ್ನಡದಲ್ಲೇ ಹಾಕಬಹುದು. ಆದರೆ ಕನ್ನಡದಲ್ಲಿ ಹಾಕಿದ್ದನ್ನು ಕನ್ನಡದಲ್ಲೇ ಹುಡುಕಬೇಕು, ಕಾಗುಣಿತವೂ ಒಂದೇ ಇರಬೇಕು. ಒಂದು ಕಡೆ ಓಬವ್ವನ ಕಿಂಡಿ, ಇನ್ನೊಂದು ಕಡೆ ಒಬವ್ವನ ಕಿಂಡಿ ಅಂತ ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಜಾಗ. ನಮ್ಮ ಮನೆಯಲ್ಲಿ ಈಗ ಹೆಸರುಗಳ ಒಂದು ಪಟ್ಟಿ ಮಾಡಿ ಅದನ್ನೇ ಎಲ್ಲರೂ ಬಳಸುತ್ತೇವೆ.

ಆಲ್ಬಮ್ ಅನ್ನುವ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಫ್ಟ್‌ವೇರಿನ ಆಲ್ಬಮ್ ಫೋಲ್ಡರ್ ಅಲ್ಲ. ಒಂದೇ ಫೋಟೋ ಐದು ಆಲ್ಬಮ್‌ಗಳಲ್ಲಿ ಇದ್ದರೂ ಡಿಸ್ಕಿನಲ್ಲಿ ಇರುವುದು ಒಂದೇ ಫೈಲ್. ಆಲ್ಬಮ್‌ನಿಂದ ತೆಗೆಯುವುದು ಪುಸ್ತಕದ ಒಂದು ಸಾಲು ಹೊಡೆದುಹಾಕಿದಂತೆ. ಲೈಬ್ರರಿಯಿಂದ ಅಳಿಸುವುದು ಚೀಲವನ್ನೇ ಹೊರಗೆ ಹಾಕಿದಂತೆ. ಆಪಲ್ ಫೋಟೋಸ್‌ನಲ್ಲಿ ಹಾಗೆ ಅಳಿಸಿದ್ದು 30 ದಿನ ಬೇರೆ ಕಡೆ ಉಳಿದಿರುತ್ತದೆ, ಅಷ್ಟರೊಳಗೆ ನೆನಪಾದರೆ ವಾಪಸ್ ತರಬಹುದು.

ಗೋದಾಮಿನಿಂದ ಹೊರಗೆ ತರುವುದು

ಈಗ ಅಕ್ಕನ ಪ್ರಶ್ನೆಗೆ ಉತ್ತರ. ಹೊರಗೆ ತರುವ ಕೆಲಸದ ಹೆಸರು ಎಕ್ಸ್‌ಪೋರ್ಟ್. ಫೋಟೋ ಆಯ್ಕೆ ಮಾಡಿ, ಫೈಲ್ ಮೆನುವಿಗೆ ಹೋಗಿ, ಎಕ್ಸ್‌ಪೋರ್ಟ್ ಕೊಟ್ಟು, ಡೆಸ್ಕ್‌ಟಾಪ್ ತೋರಿಸಿದರೆ ಅಲ್ಲಿ ಒಂದು ಪ್ರತಿ ಬಂದು ಕೂರುತ್ತದೆ. ಗೋದಾಮಿನ ಫೋಟೋ ಅಲ್ಲೇ ಇರುತ್ತದೆ, ಏನೂ ಕಡಿಮೆಯಾಗುವುದಿಲ್ಲ. ಹೊರಗೆ ಬಂದ ಪ್ರತಿಯನ್ನು ಮೇಲ್ ಮಾಡಿ, ಪೆನ್ ಡ್ರೈವ್‌ಗೆ ಹಾಕಿ, ಕೆಲಸ ಮುಗಿದ ಮೇಲೆ ಅಳಿಸಿದರೂ ತೊಂದರೆ ಇಲ್ಲ. ಆತುರ ಇದ್ದರೆ ಫೋಟೋವನ್ನು ಹಿಡಿದೆಳೆದು ಡೆಸ್ಕ್‌ಟಾಪ್ ಮೇಲೆ ಬಿಟ್ಟರೂ ಪ್ರತಿ ಬರುತ್ತದೆ. ಮ್ಯಾಕ್‌ನಲ್ಲಿ ಅಟ್ಯಾಚ್ ಮಾಡುವಾಗ ತೆರೆಯುವ ಕಿಟಕಿಯ ಎಡಗಡೆ ಪಟ್ಟಿಯಲ್ಲಿ ಕೆಳಗೆ ಫೋಟೋಸ್ ಅಂತಲೂ ಒಂದು ಸಾಲು ಇರುತ್ತದೆ. ಬಹಳ ಜನರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅದನ್ನು ಒತ್ತಿದರೆ ಸೀದಾ ಲೈಬ್ರರಿಯ ಫೋಟೋಗಳೇ ಕಾಣುತ್ತವೆ.

ಎಕ್ಸ್‌ಪೋರ್ಟ್‌ನಲ್ಲಿ ಎರಡು ಬಗೆ ಇದೆ, ಇದರ ವ್ಯತ್ಯಾಸ ತಿಳಿದಿರಬೇಕು. ಆಪಲ್ ಫೋಟೋಸ್, ಲೈಟ್‌ರೂಮ್, ಹಿಂದಿನ ಪಿಕಾಸಾ, ಇವೆಲ್ಲ ನೀವು ಮಾಡಿದ ತಿದ್ದುಪಡಿಯನ್ನು ಮೂಲ ಫೈಲಿನ ಮೇಲೆ ಬರೆಯುವುದಿಲ್ಲ. ಮೂಲವನ್ನು ಮುಟ್ಟದೆ ಹಾಗೇ ಇಟ್ಟು, ಇಷ್ಟು ಕತ್ತರಿಸು, ಇಷ್ಟು ಬೆಳಕು ಏರಿಸು ಅಂತ ಸೂಚನೆಯನ್ನು ಬೇರೆ ಬರೆದಿಡುತ್ತವೆ. ಪಿಕಾಸಾ ಆ ಸೂಚನೆಯನ್ನು ಅದೇ ಫೋಲ್ಡರಿನಲ್ಲಿ ಕಣ್ಣಿಗೆ ಕಾಣದ ಒಂದು ಚಿಕ್ಕ ಫೈಲಿನಲ್ಲಿ ಇಡುತ್ತಿತ್ತು. ಅದಕ್ಕೇ ಪಿಕಾಸಾದಲ್ಲಿ ಚೆಂದ ಮಾಡಿದ ಫೋಟೋವನ್ನು ಸೇವ್ ಮಾಡದೆ ಫೋಲ್ಡರಿನಿಂದ ಎತ್ತಿ ಸ್ಟುಡಿಯೋಗೆ ಕೊಟ್ಟವರಿಗೆ ತಿದ್ದದ ಫೋಟೋ ಪ್ರಿಂಟ್ ಆಗಿ ಬರುತ್ತಿತ್ತು. ಸಾದಾ ಎಕ್ಸ್‌ಪೋರ್ಟ್ ಕೊಟ್ಟರೆ ತಿದ್ದುಪಡಿ ಸೇರಿದ ಪ್ರತಿ ಬರುತ್ತದೆ. ಮೂಲವೇ ಬೇಕು ಅಂದರೆ ಆಪಲ್ ಫೋಟೋಸ್‌ನಲ್ಲಿ ಎಕ್ಸ್‌ಪೋರ್ಟ್ ಅನ್‌ಮಾಡಿಫೈಡ್ ಒರಿಜಿನಲ್ ಅನ್ನುವ ಬೇರೆ ಸಾಲು ಇದೆ. ವಿಂಡೋಸ್ ಫೋಟೋಸ್‌ನಲ್ಲಿ ಹೀಗಿಲ್ಲ. ಅಲ್ಲಿ ತಿದ್ದಿ ಸೇವ್ ಕೊಟ್ಟರೆ ಮೂಲದ ಮೇಲೇ ಬರೆಯುತ್ತದೆ. ಸೇವ್ ಆ್ಯಸ್ ಕಾಪಿ ಕೊಡುವುದು ಒಳ್ಳೆಯದು.

ನಾನು ದೊಡ್ಡಪ್ಪನ ಫೋಟೋದಲ್ಲಿ ಪಕ್ಕದ ಜನರನ್ನು ಸ್ವಲ್ಪ ಕತ್ತರಿಸಿದ್ದೆ, ಮುಖಕ್ಕೆ ತುಸು ಬೆಳಕು ಏರಿಸಿದ್ದೆ. ಆದರೆ ಫ್ರೇಮ್ ಅಂಗಡಿಯವರಿಗೆ ಅಳತೆಗೆ ತಕ್ಕಂತೆ ಕತ್ತರಿಸಲು ಸುತ್ತ ಜಾಗ ಬೇಕು. ಆದ್ದರಿಂದ ಮೂಲ ಒಂದು, ತಿದ್ದಿದ್ದು ಒಂದು, ಎರಡನ್ನೂ ತೆಗೆದೆ. ಎಕ್ಸ್‌ಪೋರ್ಟ್ ಮಾಡುವಾಗ ಯಾವ ನಮೂನೆ ಅಂತ ಕೇಳುತ್ತದೆ. 2017ರಿಂದ ಈಚೆಗೆ ಐಫೋನ್ ಫೋಟೋಗಳನ್ನು ಎಚ್‌ಇಐಸಿ ಅನ್ನುವ ನಮೂನೆಯಲ್ಲಿ ಇಡುತ್ತದೆ. ಜಾಗ ಕಡಿಮೆ ಹಿಡಿಯುತ್ತದೆ, ಆದರೆ ಎಷ್ಟೋ ವಿಂಡೋಸ್ ಕಂಪ್ಯೂಟರುಗಳು ಇನ್ನೊಂದು ಸಾಫ್ಟ್‌ವೇರ್ ತುಣುಕು ಸೇರಿಸದೆ ಅದನ್ನು ತೆರೆಯುವುದಿಲ್ಲ. ಅಂಗಡಿಯಲ್ಲಿ ಅದು ತೆರೆಯದೆ ದೊಡ್ಡಮ್ಮ ಇನ್ನೊಂದು ಸಲ ಓಡಾಡುವುದು ಬೇಡ. ನಾನು ಎಲ್ಲ ಕಡೆ ತೆರೆಯುವ ಜೆಪೆಗ್ ನಮೂನೆ ಕೊಟ್ಟೆ, ಗುಣಮಟ್ಟ ಗರಿಷ್ಠ, ಅಳತೆ ಫುಲ್ ಸೈಜ್. ಮೂಲವನ್ನು ಹಾಗೇ ತೆಗೆಯುವ ಸಾಲಿನಲ್ಲಿ ಎಚ್‌ಇಐಸಿಯೇ ಬರುತ್ತದೆ. ಅದಕ್ಕೆ ಫೋಟೋದ ಒಂದು ನಕಲು ಮಾಡಿ, ನಕಲಿನ ತಿದ್ದುಪಡಿ ತೆಗೆದು, ಅದನ್ನೂ ಜೆಪೆಗ್ ಮಾಡಿದೆ.

ಅಂಗಡಿಯವರು ಒರಿಜಿನಲ್ ಬೇಕು ಅಂದದ್ದಕ್ಕೆ ಗಟ್ಟಿ ಕಾರಣ ಇದೆ. ಲೆಕ್ಕ ಹಾಕಿ ನೋಡಿ. ನನ್ನ ಫೋನಿನ ಫೋಟೋ 4032 ಚುಕ್ಕಿ ಉದ್ದ, 3024 ಚುಕ್ಕಿ ಅಗಲ. ಈ ಚುಕ್ಕಿಗೇ ಪಿಕ್ಸೆಲ್ ಅನ್ನುವುದು. ದೊಡ್ಡಮ್ಮ ಕೇಳಿದ ಕಟ್ಟು 12 ಇಂಚು ಅಗಲ, 18 ಇಂಚು ಎತ್ತರ. 4032 ಚುಕ್ಕಿಯನ್ನು 18 ಇಂಚಿಗೆ ಹಂಚಿದರೆ ಇಂಚಿಗೆ 224 ಚುಕ್ಕಿ. ಗೋಡೆಯ ಫೋಟೋಗೆ ಇದು ಚೆನ್ನಾಗಿ ಸಾಕು. ವಾಟ್ಸ್ಆ್ಯಪ್‌ನಲ್ಲಿ ಸಾದಾ ಫೋಟೋವಾಗಿ ಹೋದರೆ ಉದ್ದದ ಬದಿ 1600 ಚುಕ್ಕಿಯ ಆಸುಪಾಸಿಗೆ ಇಳಿಯುತ್ತದೆ. 18 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 89. ಮೊಬೈಲಿನ ಅಂಗೈ ಅಗಲದ ಸ್ಕ್ರೀನಿನಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೋಡೆಗೆ ಹಾಕಿ ಎರಡು ಹೆಜ್ಜೆ ದೂರ ನಿಂತರೆ ಗೊತ್ತಾಗುತ್ತದೆ. ಮೀಸೆಯ ಕೂದಲು ಕೂದಲಾಗಿ ಕಾಣದೆ ಬಣ್ಣ ಬಳಿದಂತೆ ಕಾಣುತ್ತದೆ.

ಹಾಗಂತ ವಾಟ್ಸ್ಆ್ಯಪ್ ಬಿಡಬೇಕು ಅಂತಲ್ಲ. ಫೋಟೋವನ್ನು ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಅಟ್ಯಾಚ್ ಗುರುತು ಒತ್ತಿದಾಗ ಬರುವ ಪಟ್ಟಿಯಲ್ಲಿ ಡಾಕ್ಯುಮೆಂಟ್ ಆರಿಸಿ, ಎಕ್ಸ್‌ಪೋರ್ಟ್ ಮಾಡಿದ ಫೈಲ್ ತೋರಿಸಿ. ಆಗ ವಾಟ್ಸ್ಆ್ಯಪ್ ಅದನ್ನು ಒತ್ತುವುದಿಲ್ಲ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ. 2023ರಿಂದ ಎಚ್‌ಡಿ ಅನ್ನುವ ಗುಂಡಿಯೂ ಇದೆ. ಸಾದಾ ಕಳಿಸುವುದಕ್ಕಿಂತ ಅದು ವಾಸಿ, ಆದರೂ ಅದು ಒರಿಜಿನಲ್ ಅಲ್ಲ. ಪ್ರಿಂಟಿಗೆ ಹೋಗುವುದಾದರೆ ಡಾಕ್ಯುಮೆಂಟೇ ಸರಿ.

ಡಾಕ್ಯುಮೆಂಟ್ ಆಗಿ ಹೋದಾಗ ಒಳಗಿನ ಚೀಟಿಯೂ ಜೊತೆಗೆ ಹೋಗುತ್ತದೆ, ಇದನ್ನು ಮರೆಯಬಾರದು. ಮನೆಯಲ್ಲಿ ತೆಗೆದ ಮಗುವಿನ ಫೋಟೋದ ಚೀಟಿಯಲ್ಲಿ ನಿಮ್ಮ ಮನೆಯ ಜಾಗ ಇರುತ್ತದೆ. ನಮ್ಮವರಿಗೆ ಕಳಿಸಿದರೆ ಪರವಾಗಿಲ್ಲ. ಗುರುತಿಲ್ಲದವರಿಗೆ, ದೊಡ್ಡ ಗುಂಪುಗಳಿಗೆ ಕಳಿಸುವಾಗ ಆ ಜಾಗದ ಮಾಹಿತಿ ತೆಗೆದು ಕಳಿಸಿ. ಆಪಲ್ ಫೋಟೋಸ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಲೊಕೇಶನ್ ಬೇಕೋ ಬೇಡವೋ ಅಂತ ಒಂದು ಚೌಕ ಇದೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್ ಪುಟದ ಕೆಳಗೆ ಮಾಹಿತಿ ಅಳಿಸುವ ಸಾಲು ಇದೆ.

ಮೇಲ್ ಮಾಡುವುದಾದರೆ ಜಿಮೇಲ್‌ಗೆ 25 ಎಂಬಿ ಮಿತಿ. ಮೇಲ್‌ಗೆ ಸೇರಿಸುವಾಗ ಫೈಲ್ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುವುದರಿಂದ, ಗರಿಷ್ಠ ಗುಣಮಟ್ಟದ ಫೋಟೋ ಮೂರ್ನಾಲ್ಕು ಹಿಡಿದರೆ ಅದೇ ಹೆಚ್ಚು. ಇನ್ನೂರು ಫೋಟೋ ಕಳಿಸಬೇಕಿದ್ದರೆ ಒಂದು ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿ, ಗೂಗಲ್ ಡ್ರೈವ್‌ಗೆ ಏರಿಸಿ, ಲಿಂಕ್ ಕೊಡಿ. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡುವ ಹಾಗೆ ಇಡಬೇಡಿ, ಬೇಕಾದವರ ಹೆಸರು ಮಾತ್ರ ಸೇರಿಸಿ. ಊರಲ್ಲೇ ಇದ್ದರೆ ಪೆನ್ ಡ್ರೈವ್ ಎಲ್ಲಕ್ಕಿಂತ ಸುಲಭ.

ನೀವು ಕಷ್ಟಪಟ್ಟು ಹಾಕಿದ ಹೆಸರು, ವಿವರ ಫೋಟೋ ಜೊತೆಗೆ ಹೋಗುತ್ತದಾ? ಪುಸ್ತಕದಲ್ಲಿ ಮಾತ್ರ ಬರೆದಿದ್ದರೆ ಹೋಗುವುದಿಲ್ಲ. ಫೋಟೋದ ಒಳಗಿನ ಚೀಟಿಯಲ್ಲಿ ಬರೆದಿದ್ದರೆ ಹೋಗುತ್ತದೆ. ಡಿಜಿಕ್ಯಾಮ್‌ನಲ್ಲಿ ವಿವರವನ್ನು ಫೈಲಿನ ಒಳಗೇ ಬರೆಯುವ ಆಯ್ಕೆ ಇದೆ, ಮುಖದ ಹೆಸರನ್ನೂ ಬರೆಯುತ್ತದೆ. ನನಗೆ ಅದು ಬಹಳ ಇಷ್ಟವಾಗುವುದು ಇದಕ್ಕೇ. ಆಪಲ್ ಫೋಟೋಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಶೀರ್ಷಿಕೆ, ವಿವರ ಸೇರಿಸುವ ಚೌಕಕ್ಕೆ ಟಿಕ್ ಹಾಕಬೇಕು. ಹಿಂದೆ ಫೋಟೋದ ಬೆನ್ನಿಗೆ ಪೆನ್ನಿನಲ್ಲಿ ಬರೆದಿಡುತ್ತಿದ್ದರಲ್ಲ, ಇದೂ ಅದೇ ಕೆಲಸ. ಸಾಫ್ಟ್‌ವೇರ್ ಬದಲಾದರೂ, ಕಂಪ್ಯೂಟರ್ ಕೆಟ್ಟರೂ ಬರೆದದ್ದು ಫೋಟೋ ಜೊತೆ ಉಳಿಯುತ್ತದೆ.

ಅಕ್ಕ ಮೊನ್ನೆ ಭಾನುವಾರ ತನ್ನ ಕಂಪ್ಯೂಟರ್ ಮುಂದೆ ಕೂತು ಮೊದಲ ಸಲ ತಾನೇ ಎಕ್ಸ್‌ಪೋರ್ಟ್ ಮಾಡಿ ಹನ್ನೆರಡು ಫೋಟೋ ಕಳಿಸಿದಳು, ಡಾಕ್ಯುಮೆಂಟ್ ಆಗಿ. ದೊಡ್ಡಪ್ಪನ ಕಟ್ಟು ಹಾಕಿದ ಫೋಟೋ ಚಿತ್ರದುರ್ಗದ ಮನೆಯ ಪಡಸಾಲೆಗೆ ಬಂದಿದೆ. ಹಿಂದೆ ಕೋಡಿಯ ನೀರು ಬೆಳ್ಳಗೆ ಬೀಳುತ್ತಿರುವುದು ಕಾಣುತ್ತದೆ. ಹೆಗಲ ಮೇಲಿನ ಟವೆಲ್ಲಿನ ಅಂಚಿನಲ್ಲಿ ದೊಡ್ಡಮ್ಮ ಹಾಕಿದ್ದ ಕೆಂಪು ದಾರದ ಹೊಲಿಗೆಯೂ ಕಾಣುತ್ತದೆ. ಮೊಬೈಲಿನಲ್ಲಿ ಅಷ್ಟು ಸಲ ನೋಡಿದರೂ ಅದು ಕಂಡಿರಲಿಲ್ಲ ಅಂದರು. ನನ್ನ ಕಂಪ್ಯೂಟರಿನಲ್ಲಿ ಆ ಫೋಟೋದ ವಿವರದಲ್ಲಿ ಈಗ ಹೀಗೆ ಬರೆದಿದ್ದೇನೆ: ದೊಡ್ಡಪ್ಪ, ಮಾರಿಕಣಿವೆ ಕೋಡಿ, ಸೆಪ್ಟೆಂಬರ್ 2022, ಟವೆಲ್ ಹೊಲಿದದ್ದು ದೊಡ್ಡಮ್ಮ.